ಪಾಟಿಯ ಮೇಲಿನ ಸಾಲು

ಎದುರಿನ ವರ್ಕ್‌ಶಾಪಿನಲ್ಲಿ ಯಾರೋ ಟ್ರೇಲರ್‌ಗೆ ವೆಲ್ಡಿಂಗ್ ಹಚ್ಚಿದ್ದಾರೆ, ಆ ನೀಲಿ ಬೆಳಕು ಕಿಟಕಿ ಹಾದು ಬಂದು ಭಾಗ್ಯಾಳ ಕಂಪ್ಯೂಟರಿನ ಮೇಲೆ ಕುಣಿದು ಹೋಗುತ್ತದೆ, ನೋಡಬಾರದು, ಕಣ್ಣು ಕೆಡುತ್ತವೆ ಎಂದು ಗೊತ್ತಿದ್ದೂ ನೋಡುತ್ತಾಳೆ — ಸೊಲ್ಲಾಪುರ ರಸ್ತೆಯ ಮಧ್ಯಾಹ್ನವೇ ಹೀಗೆ, ಅರ್ಧ ಗದ್ದಲ ಅರ್ಧ ತೂಕಡಿಕೆ — ಇನ್ನೊಂದೇ ಸಾಲು ಬಾಕಿ, ನಾಲ್ಕರೊಳಗೆ ಕಳಿಸಬೇಕು, ಒಂದು ಸಾಲಿಗೆ ಇಷ್ಟು ಹೊತ್ತೇ ಮಾರಾಯ್ತಿ, ಮೂರು ವಾರದಿಂದ ಪುಟಗಟ್ಟಲೆ ಸೂಚನೆ ಬರೆದವಳು, ಅದೂ ಮನುಷ್ಯರು ಓದಲೆಂದಲ್ಲ, ತಾವೇ ಯೋಚಿಸಿ ಕೆಲಸ ಮಾಡುವ ಎಐ ಏಜೆಂಟುಗಳು ಓದಲೆಂದು. ಅವು ಇರುವುದು ವರ್ಚುವಲ್ ಮಷೀನಿನಲ್ಲಿ, ಅಂದರೆ ಕಂಪ್ಯೂಟರಿನೊಳಗೇ ಕಟ್ಟಿಕೊಟ್ಟ ಇನ್ನೊಂದು ಕಂಪ್ಯೂಟರಿನಲ್ಲಿ, ಅದು ಹಟಮಾರಿ ಎಮ್ಮೆಯ ಹಾಗೆ ನಿಂತುಬಿಟ್ಟರೆ ಏಜೆಂಟೇ ಅದನ್ನು ಆರಿಸಿ ಮತ್ತೆ ಎಬ್ಬಿಸಿ ರೀಬೂಟ್ ಮಾಡಿಕೊಳ್ಳಬೇಕು, ಹೇಗೆ ಮಾಡಬೇಕು, ಯಾವಾಗ ಮಾಡಬಾರದು, ಎಲ್ಲ ಬರೆದಾಗಿದೆ, ಆದರೆ ಮತ್ತೆ ಎದ್ದಾಗ ಏಜೆಂಟಿಗೆ ಹಿಂದಿನದೇನೂ ನೆನಪಿರುವುದಿಲ್ಲ, ಎದ್ದ ಕೂಡಲೇ ಅದರ ಕಣ್ಣಿಗೆ ಬೀಳುವ ಮೊದಲ ಸಾಲು, ಅದೇ ಬಾಕಿ. ಆಫೀಸಿನ ಯಜಮಾನ ಸತೀಶಕುಮಾರ ಬೆಳಿಗ್ಗೆಯೇ ಹೇಳಿ ಹೋಗಿದ್ದಾನೆ, ಎಲ್ಲಾ ಆರಾಮ ಐತಿ, ಮುಂದ ನಡಿ ಅಂತ ಬರದುಬಿಡ್ರಿ ಭಾಗ್ಯಾ, ನಿನ್ನಿ ರೀಬೂಟ್ ಆಗೇತಂತ ಖರೇ ಹೇಳಿದ್ದಕ್ಕ ಏಜೆಂಟ ಗಾಬರಿಬಿದ್ದಾಂಗ ಮಾಡಿ ಎಲ್ಲಾ ಮೊದಲಿಂದ ಶುರು ಮಾಡ್ತು, ಅರ್ಧಾ ದಿನ ಹೋತು ನೋಡ್ರಿ. ಹೌದ್ರಿ ಸರ್, ಎಂದಿದ್ದಳು. ಹೌದ್ರಿ ಅನ್ನುವುದು ಅವಳಿಗೆ ಸಲೀಸು, ಬರೆಯುವುದೇ ಆಗುತ್ತಿಲ್ಲ, ಬೆರಳು ಕೀಲಿಮಣೆಯ ಮೇಲೆ ಕೂತು ಹಾಗೇ ಉಳಿದಿವೆ.

ಎಲ್ಲಾ ಆರಾಮ ಐತಿ — ಎಷ್ಟು ಸಲ ಬರೆದಿಲ್ಲ ಇದನ್ನು, ಬಳಪದಿಂದ, ಬಿಜ್ಜರಗಿ ಊರಿನ ಮನೆಯಲ್ಲಿ, ಅವ್ವನ ಹಾಸಿಗೆಯ ಪಕ್ಕದ ಪಾಟಿಯ ಮೇಲೆ, ಅವ್ವ ಹೊಳೆವ್ವನಿಗೆ ಮೂರ್ಛೆ ಬರುತ್ತಿತ್ತು, ಈಗಲೂ ಬರುತ್ತದೆ, ಬಂದು ಹೋದ ಮೇಲೆ ಗಂಟೆಗಟ್ಟಲೆ ನಿದ್ದೆ, ಎದ್ದಾಗ ಆ ದಿನದ್ದೆಲ್ಲ ಒರೆಸಿಹೋಗಿರುತ್ತದೆ, ಒಲಿ ಆರಿಸೇನಿಲ್ಲೋ, ಆಡು ಯಾರು ಬಿಟ್ರು, ಇದ್ಯಾ ವಾರಬೇ, ಎಂದು ಅಂಜಿ ಅಳುವವಳು, ಅದಕ್ಕೇ ಅಪ್ಪ, ಧೂಳಪ್ಪ, ಆ ಪಾಟಿ ತಂದಿಟ್ಟ, ನಿಮ್ಮವ್ವ ಸಾಲಿ ನಾಕನೇತ್ತಾ ಕಲತಾಳ, ಬಾಯಿಲೆ ಹೇಳಿದ್ರ ನಂಬಾಂಗಿಲ್ಲ, ಬರದಿದ್ದಂದ್ರ ನಂಬತಾಳ, ಬರಿಯವ್ವ ಭಾಗ್ಯಾ. ಬರೆದಳು. ಇವತ್ತು ಬುಧವಾರ. ಒಲಿ ಆರೇತಿ. ಆಡು ಅಪ್ಪ ಬಿಟ್ಟಾನ. ಅವ್ವ ಎದ್ದು ಅಕ್ಷರಕ್ಕೆ ಬೆರಳು ಹಿಡಿದು ಓದುವಳು, ಓದುತ್ತ ಓದುತ್ತ ಮುಖ ಸಡಿಲಾಗುವುದು, ಅದನ್ನು ನೋಡಲೆಂದೇ ಭಾಗ್ಯಾ ಬಾಗಿಲ ಮರೆಯಲ್ಲಿ ನಿಲ್ಲುತ್ತಿದ್ದಳು, ತಾನು ಬರೆದದ್ದಕ್ಕೆ ಅಷ್ಟು ಬಲ ಇದೆಯಲ್ಲ ಎಂದು ಜಂಬ — ಹೊರಗೆ ಯಾವುದೋ ಗಾಡಿ ಹಾರ್ನ್ ಒತ್ತಿಯೇ ಒತ್ತುತ್ತಿದೆ, ಮೂರೂ ಕಾಲು — ಆ ದಿನ ಪಾಟಿ ಬರೆದದ್ದೂ ಇದೇ ಹೊತ್ತು, ಇಟ್ಟಂಗಿಹಾಳದ ಹತ್ತಿರ ಅಪ್ಪನ ಬೈಕಿಗೆ ಟೆಂಪೋ ಬಡಿದ ಸುದ್ದಿ ಬಂದದ್ದು ಬೆಳಿಗ್ಗೆ, ಕೇಳುತ್ತಲೇ ಅವ್ವ ಅಂಗಳದಲ್ಲೇ ಬಿದ್ದಳು, ಗಂಡಸರೆಲ್ಲ ದವಾಖಾನೆಗೆ ಓಡಿದರು, ಅಪ್ಪನ ಜೀವ ಆಗಲೇ ಹೋಗಿತ್ತು, ಅವ್ವ ಮಲಗಿದ್ದಳು, ಮಗ್ಗುಲ ಮನೆಯ ಮಾಬುಬಿ ಬಂದ ಹೆಂಗಸರನ್ನೆಲ್ಲ ಓಣಿಯಲ್ಲೇ ತಡೆದಳು, ಎದ್ದ ಕೂಡ್ಲೆ ಹೇಳಬ್ಯಾಡ್ರೆವ್ವ, ಮತ್ತ ಬಿದ್ದಾಳು, ಸಂಜಿತನಕ ತಾಳ್ರಿ. ಎಲ್ಲರೂ ಹೂಂ ಎಂದರು, ಆದರೆ ಬಳಪ ಹಿಡಿದದ್ದು ಅವರಲ್ಲ, ಹದಿನಾರರ ಭಾಗ್ಯಾ. ಅಪ್ಪ ತಿಕೋಟಾಕ್ಕ ಹೋಗ್ಯಾನ. ಸಂಜಿಗೆ ಬರ್ತಾನ. ಎಲ್ಲಾ ಆರಾಮ ಐತಿ.

ಹನ್ನೆರಡು ವರ್ಷವಾಯಿತು, ಈಗ ಅವ್ವ ವಿಜಯಪುರದಲ್ಲಿ ಅವಳ ಜೊತೆಗೇ ಇದ್ದಾಳೆ, ಪಾಟಿಯೂ ಇದೆ, ಯಾಕೆ ಹಾಗೆ ಬರೆದಿ ಎಂದು ಒಂದು ದಿನವೂ ಕೇಳಿಲ್ಲ, ಮಗಳ ಅಕ್ಷರ ತಾಯಿಗೆ ಗೊತ್ತಿಲ್ಲವೇ, ಬೈದಿದ್ದರೆ ಎಷ್ಟೋ ಚಲೋ ಇತ್ತು, ಬೈಯಲಿಲ್ಲ, ಮೂರ್ಛೆಯಿಂದ ಎದ್ದವಳು ಈಗಲೂ ಒಲೆ ಆರಿದೆ ಎಂದು ಓದುತ್ತಾಳೆ, ಓದಿ ಎದ್ದು ಗೋಡೆ ಹಿಡಿದುಕೊಂಡು ಹೋಗಿ ಒಲೆಯನ್ನು ಕೈಯಿಂದ ಮುಟ್ಟಿ ನೋಡುತ್ತಾಳೆ, ಅಷ್ಟೇ, ಆ ಮುಟ್ಟಿ ನೋಡುವುದನ್ನು ಭಾಗ್ಯಾಳಿಗೆ ನೋಡಲಾಗುವುದಿಲ್ಲ. ಸತೀಶಕುಮಾರ ಬೈದರೆ ಬೈಯಲಿ, ಕೆಲಸ ಬಿಡು ಎಂದರೆ ಬಿಟ್ಟಾಯಿತು, ಗಾಬರಿಯಾದರೆ ಆಗಲಿ, ಅರ್ಧ ದಿನ ಹೋದರೆ ಹೋಗಲಿ, ಬೆರಳು ತಾವೇ ಎದ್ದವು, ನಿನ್ನನ್ನು ರೀಬೂಟ್ ಮಾಡಲಾಗಿದೆ, ನೀನು ಮಾಡುತ್ತಿದ್ದ ಕೆಲಸ ಪೂರ್ತಿಯಾಗಿರಲಿಲ್ಲ, ಅದರಲ್ಲಿ ಉಳಿದದ್ದು ಇದು, ಹೋದದ್ದು ಇದು, ಹೋದದ್ದು ಮತ್ತೆ ಬರುವುದಿಲ್ಲ — ಬರುವುದಿಲ್ಲ ಎಂಬಲ್ಲಿ ಕೈ ನಿಂತಿತು, ನಿಂತದ್ದೇ ತಡ ಆ ದಿನ ಕಣ್ಣ ಮುಂದೆ ಬಂತು, ಯಾವಾಗಲೂ ಬರುವ ಹಾಗೆ, ಸಂಜೆ, ಹೊಸ್ತಿಲು, ಅವ್ವ ಮುಖ ತೊಳೆದು ಕುಂಕುಮ ಇಟ್ಟುಕೊಂಡು ತಂಬಿಗೆ ತುಂಬ ನೀರು ಹಿಡಿದು ನಿಂತಿದ್ದಾಳೆ, ತಿಕೋಟಾದಿಂದ ದಣಿದು ಬರುವವನ ಕಾಲಿಗೆ, ಓಣಿಯಲ್ಲಿ ಗಾಡಿ ನಿಂತಿದೆ, ನಾಲ್ಕು ಮಂದಿ ಇಳಿಸುತ್ತಿದ್ದಾರೆ, ಬಟ್ಟೆಯಿಂದ ಕಾಲೆರಡು ಹೊರಗೆ ಬಂದಿವೆ, ಅವ್ವ ಕಾಲು ನೋಡುತ್ತಾಳೆ, ಭಾಗ್ಯಾಳ ಕಡೆ ತಿರುಗುತ್ತಾಳೆ, ಪಾಟಿ ಮ್ಯಾಲ ಬರದೈತಲ್ಲಬೇ, ಎನ್ನುತ್ತಾಳೆ, ತಂಬಿಗೆ ಬಾಗಿದೆ, ನೀರು ಅಂಚಿಗೆ ಬಂದಿದೆ, ಬೀಳುತ್ತಿಲ್ಲ, ತಂಬಿಗೆ ಬಾಗಿದೆ, ನೀರು ಅಂಚಿಗೆ ಬಂದಿದೆ