ಕೈಗುರುತು

"ಸಾವಕಾಶ ಎತ್ರಿ, ತೆಲಿ ಹಿಡೀರಿ ತೆಲಿ!"

ಓಣಿಯ ಜಟ್ಟೆಪ್ಪ ಕೂಗುತ್ತಿದ್ದಂತೆ ನಾಲ್ವರು ಸೇರಿ ನಿಜಗುಣಪ್ಪನ ಹೆಣವನ್ನು ಪಡಸಾಲೆಯ ಗೋಡೆಗೆ ಒರಗಿಸಿ ಕೂರಿಸಿದರು. ಹಣೆಗೆ ವಿಭೂತಿ, ಕೊರಳಿಗೆ ಹಾರ, ತಲೆಗೆ ಹೊಸ ರುಮಾಲು. ನೇಸರಗಿಯ ಬಟ್ಟೆ ಅಂಗಡಿಯಲ್ಲಿ ಗಾದಿಯ ಮೇಲೆ ಕೂತೇ ಆಯುಷ್ಯ ಕಳೆದವನು ಇವತ್ತೂ ಗಿರಾಕಿಗೆ ಕಾಯುವವನಂತೆ ಕೂತಿದ್ದ. ಎಡಗೈ ಮಾತ್ರ ಮುಷ್ಟಿ ಬಿಟ್ಟಿರಲಿಲ್ಲ. ಲಕ್ವಾ ಹೊಡೆದ ಎರಡು ವರ್ಷದಿಂದ ಅದು ಹಾಗೆಯೇ ಇತ್ತು.

"ಕುಣ್ಯಾಗ ಕೂಡ್ರಿಸಿದ ಮ್ಯಾಲ ಎಡಗೈಯಾಗ ಲಿಂಗ ಇಡಬೇಕು. ಈಗ ಬಿಡಿಸದಿದ್ರ ಮುಂದ ಬಿಡಿಸಾಕ ಆಗೂದಿಲ್ಲ" ಎಂದರು ಮಠದ ಅಯ್ಯನವರು.

ಜಟ್ಟೆಪ್ಪ ಎಳೆದು ನೋಡಿದ. ಮಗಳು ಮಹಾನಂದಾ ಮುಟ್ಟಿದವಳೇ ಅಳಲು ಶುರು ಮಾಡಿದಳು.

"ಸರೀರಿ ಅತ್ಲಾಗ" ಎಂದು ಹೆಂಡತಿ ಸಿದ್ದಲಿಂಗವ್ವ ಮುಂದೆ ಬಂದಳು. ಮಣಿಕಟ್ಟನ್ನು ಒಳಕ್ಕೆ ಬಾಗಿಸಿ ಹೆಬ್ಬೆರಳಿನ ಬುಡ ಒತ್ತಿದಳು. ಮುಷ್ಟಿ ತೆರೆಯಿತು. ದಿನಾ ಔಡಲೆಣ್ಣೆ ಹಚ್ಚಿ ತಿಕ್ಕಿದ ಕೈ ಅದು, ಅದರ ಗಂಟುಗಂಟೂ ಅವಳಿಗೆ ಗೊತ್ತಿತ್ತು. ಅವಳ ಕೈ ಅವನಿಗೆ ಎಂದಾದರೂ ಗೊತ್ತಿತ್ತೇ ಎಂಬುದೇ ಅವಳ ಒಂಬತ್ತು ವರ್ಷದ ಹೊಟ್ಟೆಯುರಿ.

ಅಷ್ಟರಲ್ಲಿ ಬಾಗಿಲಲ್ಲಿ ಯಾರೋ ಹಾಡಿಕೊಂಡು ಅಳುವ ದನಿ ಕೇಳಿಸಿತು.

"ನನ್ನಣ್ಣಾ... ನನ್ನ ಬಿಟ್ಟ ಎಲ್ಲಿಗಿ ಹೊಂಟ್ಯೋ ನನ್ನಣ್ಣಾ..."

ಎದುರು ಮನೆಯ ರಾಮವ್ವ. ಕೂತಿದ್ದ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಅಣ್ಣಂತ, ಅಣ್ಣ!" ಎಂದಳು ಪಕ್ಕದ ಮನೆಯ ಕರೆವ್ವ. "ಒಳಗ ಬಿಡಬ್ಯಾಡ್ರಿ ಅಕೀನ್ನ."

"ಬರ್ಲಿ ಬಿಡವಾ" ಎಂದಳು ಸಿದ್ದಲಿಂಗವ್ವ.

*

ಒಂಬತ್ತು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ಬೆಳಗಾವಿಯಿಂದ ಶೀತಲ ಎಂಬ ಕಲಾವಿದೆ ಊರಿಗೆ ಬಂದಿದ್ದಳು. ಸಾಲೆಯ ಕೋಣೆಯಲ್ಲಿ ಹಸಿ ಮಣ್ಣು ಕಲಸಿಟ್ಟು, ಬೆರಳು ಅಗಲಿಸಿದ ಹೆಂಗಸರ ಕೈ ಆಳಕ್ಕೆ ಒತ್ತಿಸಿಕೊಂಡು, ಆ ಅಚ್ಚಿಗೆ ಪ್ಲಾಸ್ಟರ್ ಹುಯ್ದು ಬಿಳಿ ಕೈಗಳನ್ನು ಮಾಡಿದಳು. ಗಂಡಂದಿರು ಕಣ್ಣು ಕಟ್ಟಿಕೊಂಡು ಬಂದು, ಆ ಕೈಗಳನ್ನು ಮುಟ್ಟಿ, ತಂತಮ್ಮ ಹೆಂಡಿರ ಕೈ ಯಾವುದೆಂದು ಹೇಳಬೇಕು.

"ನೀವು ಮುಟ್ಟಿದಾಗನ ಈ ಕಲಾ ಪೂರಾ ಆಗೂದು" ಎಂದಿದ್ದಳು ಶೀತಲ. "ಕೈಗೂ ನೆನಪಿರ್ತದ್ರಿ."

ರಾಮವ್ವನ ಗಂಡ ತೀರಿ ವರ್ಷಗಳಾಗಿದ್ದವು. ತನ್ನದನ್ನು ಗುರುತು ಹಿಡಿಯುವವರು ಯಾರಿದ್ದಾರೆ ಎಂದು ಅವಳು ಹಿಂದೆ ಸರಿದಾಗ ಸಿದ್ದಲಿಂಗವ್ವನೇ ಎಳೆದು ತಂದಳು. "ಬಾರವಾ, ನಿಂದೂ ಒಂದ ಇರಲಿ." ಒಲೆಯ ಕೆಂಡದಿಂದ ಹಿಡಿದು ಮನಸ್ಸಿನ ಮಾತಿನ ತನಕ ಹಂಚಿಕೊಂಡ ಗೆಳತಿಯನ್ನು ಆಟದಿಂದ ಬಿಟ್ಟರೆ ಹೇಗೆ?

ಮೊದಲು ಬಂದ ಜಟ್ಟೆಪ್ಪ ತನ್ನ ಅತ್ತೆಯ ಕೈಯನ್ನೇ ಹೆಂಡತಿಯದೆಂದು ಎತ್ತಿ ಹಿಡಿದ. ಕೋಣೆಯ ಹಂಚು ಹಾರುವಂತೆ ನಗು. ಆಮೇಲೆ ನಿಜಗುಣಪ್ಪ. ಕತ್ತಲಲ್ಲೂ ಟೆರಿಕಾಟ್ ಯಾವುದು, ಹತ್ತಿಯ ಬಟ್ಟೆ ಯಾವುದು ಎಂದು ಮುಟ್ಟಿ ಹೇಳುವ ಆಸಾಮಿ.

"ಸಾವ್ಕಾರ್ರು ಗೆದ್ದಾಂಗ ತಗೀರಿ!" ಎಂದರು ಜನ.

ಮೊದಲು ಸಿಕ್ಕಿದ್ದೇ ಸಿದ್ದಲಿಂಗವ್ವನ ಕೈ. ಅರಿವೆಯ ಪೋತು, ಅದರ ನೇಯ್ಗೆಯ ಹದ, ನೋಡುವವನಂತೆ ಎರಡು ಬೆರಳಲ್ಲಿ ತಿಕ್ಕಿ ನೋಡಿ, "ಇದು ನಮ್ಮನೀದಲ್ಲ" ಎಂದು ಬದಿಗಿಟ್ಟ. ಸಿದ್ದಲಿಂಗವ್ವ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. ಮತ್ತೊಂದು ಕೈ ಹಿಡಿದ. ನಿಂತ. ಅವನ ಬೆರಳುಗಳು ತಾವಾಗಿಯೇ ಆ ಬಿಳಿ ಬೆರಳುಗಳ ಸಂದಿಯೊಳಗೆ ಸೇರಿಕೊಂಡವು.

"ರಾಮೀ" ಎಂದ.

ಎಲ್ಲರ ಮುಂದೆ ಅವನು ಅವಳನ್ನು ಕರೆಯುತ್ತಿದ್ದದ್ದು "ರಾಮಕ್ಕಾರ" ಎಂದು. ಅಕ್ಕ ಎನ್ನುವ ಮರ್ಯಾದೆ ಎಲ್ಲಿ ಕಳಚಿ ಬಿದ್ದಿತ್ತೋ, ಎಷ್ಟು ದಿನದಿಂದ ಬಿದ್ದಿತ್ತೋ! ಏನೂ ತಿಳಿಯದ ಶೀತಲ "ಬರೋಬ್ಬರಿ! ಇದು ರಾಮವ್ವಾರ ಕೈನ!" ಎಂದು ಚಪ್ಪಾಳೆ ತಟ್ಟಿದಳು. ಅವಳ ಜೊತೆ ಬೇರೆ ಯಾರೂ ತಟ್ಟಲಿಲ್ಲ.

"ಆಟದಾಗ ಬಾಯಿ ತಪ್ಪಿ ಬಂತು" ಎಂದ ಅವನು ಮನೆಗೆ ಬಂದು. ಬಾಯಿ ತಪ್ಪಬಹುದು, ಕೈ ತಪ್ಪುತ್ತದೆಯೇ? ಸಿದ್ದಲಿಂಗವ್ವ ಕೇಳಲಿಲ್ಲ, ರೊಟ್ಟಿ ಬಡಿದಳು. ಮರುದಿನದಿಂದ ರಾಮವ್ವ ಅವನನ್ನು ಬಾಯಿ ತುಂಬ "ಅಣ್ಣಾ" ಎನ್ನತೊಡಗಿದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ.

ಲಕ್ವಾ ಹೊಡೆದ ಮೇಲೆ ಅವನ ಮಾತು ತೊದಲಿತು, ಕಣ್ಣು ಮಂಜಾದವು. ಹೇಲು ಉಚ್ಚೆ ಬಳಿದವಳು, ಗಂಜಿ ಕುಡಿಸಿದವಳು ಸಿದ್ದಲಿಂಗವ್ವ. ಇನ್ನಾದರೂ ಈ ಕೈಗೆ ನನ್ನ ಗುರುತು ಹತ್ತೀತು ಎಂದು ಕಾದಳು. ಹೋದ ಸೋಮವಾರ ಎಣ್ಣೆ ತಿಕ್ಕುತ್ತಿದ್ದಾಗ, ಕಣ್ಣು ಮುಚ್ಚಿ ಮಲಗಿದ್ದವನ ಬಲಗೈ ತಡಕಾಡುತ್ತ ಬಂದು ಅವಳ ಬೆರಳುಗಳ ಸಂದಿಯೊಳಗೆ ಸೇರಿತು. ಮದುವೆಯಾದಾಗಿನಿಂದ ಅದೇ ಮೊದಲು.

"ರಾಮೀ" ಎಂದ.

ಅವಳು ಯಾರಿಗೂ ಹೇಳಲಿಲ್ಲ. ಮತ್ತೆ ಅವನು ಮಾತಾಡಲಿಲ್ಲ.

*

ರಾಮವ್ವ ಹೆಣದ ಪಕ್ಕ ಕೂತು ಬಲಗೈ ಹಿಡಿದುಕೊಂಡಳು. ಒಂದಿಷ್ಟು ಅತ್ತಳು. ಮೂಗು ಒರೆಸಿಕೊಂಡು, ಸಿದ್ದಲಿಂಗವ್ವನ ಕಡೆ ಬಾಗಿ, ಸತ್ತ ಮನೆಯಲ್ಲಿ ಎಲ್ಲರೂ ಕೇಳುವ ಮಾತನ್ನೇ ಕೇಳಿದಳು.

"ಯವ್ವಾ, ಕಡೀಕ ಏನರ ಅಂದ್ರೇನ?"

"ಅಂದ್ರು."

"ಏನಂದ್ರು?"

ಸಿದ್ದಲಿಂಗವ್ವ ಅವಳ ಮುಖ ನೋಡಿದಳು. ಅವಳಿಗೂ ವಯಸ್ಸಾಗಿತ್ತು. ಕಣ್ಣಲ್ಲಿ ಆಸೆ ಮಾತ್ರ ಹಸಿಯಾಗಿತ್ತು. ಕೊಟ್ಟರೆ ಇವಳದಾಗುವ ಆ ಒಂದು ಮಾತು ನಾಲಗೆಯ ತುದಿಯಲ್ಲೇ ಇತ್ತು.

"ನನ್ನ ಕೈ ಹಿಡದು, 'ಸಿದ್ದೀ' ಅಂದ್ರು."

ಮಹಾನಂದಾ ತಲೆಯೆತ್ತಿದಳು. ಅಪ್ಪ ಅವ್ವನನ್ನು "ಏ, ಕೇಳ್ತೇನ" ಎಂದದ್ದು ಬಿಟ್ಟರೆ ಬೇರೇನೂ ಕರೆದದ್ದನ್ನು ಅವಳು ಕೇಳಿರಲಿಲ್ಲ.

"ಅಪ್ಪಾ ನಿನಗ ಸಿದ್ದೀ ಅಂದನ?"

"ಹೂಂ" ಎಂದಳು ಸಿದ್ದಲಿಂಗವ್ವ. "ಎರಡ ಸಲ ಅಂದ್ರು."

ರಾಮವ್ವನ ಹಿಡಿತ ಸಡಿಲಾಗಿ ಸತ್ತವನ ಕೈ ಚಾಪೆಗೆ ಬಿತ್ತು.

"ಯಾಕ ನಿಲ್ಲಿಸಿದಿ? ಅಳವಾ" ಎಂದಳು ಕರೆವ್ವ ಹಿಂದಿನಿಂದ. "ನಿಮ್ಮಣ್ಣ ಹೊಂಟಾನ."

ರಾಮವ್ವ ಬಾಯಿ ತೆರೆದಳು. ಎಣ್ಣೆಯ ಜಿಡ್ಡು ಹತ್ತಿದ ಸಿದ್ದಲಿಂಗವ್ವನ ಬೆರಳುಗಳನ್ನು, ಈವರೆಗೆ ಎಂದೂ ನೋಡದವಳಂತೆ, ನೋಡುತ್ತ ಕುಳಿತಳು.