ಬಾಲವಿಲ್ಲದ ಮೀನು

ಹದಿನಾಲ್ಕನೆಯ ಮೀನಿಗೂ ಬಾಲ ಬರಲಿಲ್ಲ. ಸಿದ್ರಾಮ ಅಲ್ಯೂಮಿನಿಯಂ ಅಚ್ಚಿನ ಎರಡು ಹೋಳುಗಳನ್ನು ಬಿಡಿಸಿ, ಮೆತ್ತನೆಯ ಹಸಿರು ಪ್ಲಾಸ್ಟಿಕ್ ಮೀನನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದ. ತಲೆ ಇತ್ತು, ಕಣ್ಣಿತ್ತು, ಮೈ ಎಣ್ಣೆ ಸವರಿದ ಹಾಗೆ ಮಿಂಚುತ್ತಿತ್ತು. ನೀರಲ್ಲಿ ಅಲುಗಾಡಿ ದೊಡ್ಡ ಮೀನುಗಳನ್ನು ಮರುಳು ಮಾಡಬೇಕಾದ ಬಾಲ ಮಾತ್ರ ಇಲಿ ಕಡಿದಂತೆ ಮೊಂಡು.

"ಇದರೌನ!" ಎಂದು ಅದನ್ನು ಉಳಿದ ಹದಿಮೂರರ ಜತೆ ತಟ್ಟೆಗೆ ಎಸೆದ.

ಟಿ. ದಾಸರಹಳ್ಳಿಯ ಆ ಬಾಡಿಗೆ ಮನೆಯ ತಾರಸಿಯಲ್ಲಿ, ನೀರಿನ ಟ್ಯಾಂಕಿನ ಪಕ್ಕ, ಬೆಳಗಿನಿಂದ ಅವನದು ಇದೇ ಗೋಳು. ಕರಗಿದ ಪ್ಲಾಸ್ಟಿಕ್ಕಿನ ವಾಸನೆ ತಡೆಯಲಾರದೆ ಹೆಂಡತಿ ಮಹಾದೇವಿ ಅವನನ್ನೂ ಅವನ ಕರೆಂಟು ಒಲೆಯನ್ನೂ ಒಟ್ಟಿಗೇ ಹೊರಗೆ ಹಾಕಿದ್ದಳು.

ತಪ್ಪು ಅವನ ಬಾಯಿಯದೇ. ಮನೆ ಮಾಲೀಕ ಬೈರಪ್ಪನವರ ಮಗ ವಸಂತ್‌ಗೆ ಗಾಳ ಹಾಕುವ ಹುಚ್ಚು. ಗಾಳಕ್ಕೆ ಸಿಕ್ಕಿಸುವ ಇಂಥ ಮೀನುಗಳನ್ನು ಪ್ಯಾಕೆಟ್ಟುಗಟ್ಟಲೆ ತರಿಸುತ್ತಿದ್ದ. ಅವನು ಹರಿದವನ್ನು ಕಸಕ್ಕೆ ಹಾಕುವುದನ್ನು ಕಂಡು ಸಿದ್ರಾಮ, "ಇವನ್ನ ಕರಗಿಸಿ ಇದಕ್ಕಿಂತ ಚಂದಂದು ನಾ ಮಾಡಿ ಕೊಡ್ತೀನಿ ಬಿಡ್ರಿ" ಎಂದುಬಿಟ್ಟಿದ್ದ. ಅಂದದ್ದು ಜಂಬಕ್ಕೆ, ಆದರೆ ಅಂದಮೇಲೆ ಆಸೆ ಹುಟ್ಟಿತು. ಪೀಣ್ಯದಲ್ಲಿ ಪ್ಲಾಸ್ಟಿಕ್ ಸಾಮಾನಿನ ಅಚ್ಚು ಮಾಡುವ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಅವನದು ಪಾಲಿಶ್ ಕೆಲಸ. ಯಾರೋ ಬರೆದದ್ದು, ಯಾರೋ ಕೊರೆದದ್ದು. ಒಳಮೈಯಲ್ಲಿ ಮುಖ ಕಾಣುವ ತನಕ ಉಜ್ಜುವುದಷ್ಟೇ ಇವನ ಪಾಲು. ಇದು ನನ್ನದು ಎಂದು ತೋರಿಸಲು ಒಂದು ಬಾಚಣಿಗೆಯೂ ಇರಲಿಲ್ಲ. ಈ ಮೀನಾದರೂ ತನ್ನದಾಗಲಿ ಎಂದು, ಅದೇ ಕಾರ್ಖಾನೆಯ ಕೊರೆಯುವ ಮೆಷಿನ್ನಿನ ನಲ್ಲಪ್ಪನ ಕೈಕಾಲು ಹಿಡಿದು ಅಚ್ಚು ಕೊರೆಸಿಕೊಂಡು, ಮೂರು ವಾರ ಉಜ್ಜಿದ್ದ.

ಮಹಾದೇವಿ ಒಣಗಿದ ಬಟ್ಟೆ ತೆಗೆಯಲು ಬಂದಳು. "ಮೂರು ಗಂಟಿ ಆತು. ಒಂದ್ ತುತ್ತು ಉಂಡು ಬರ್ರಿ."

"ನಿನಗ ಉಣ್ಣೂದೊಂದೇ ಗೊತ್ತು!"

"ಮೀನಿನ ಮ್ಯಾಲಿನ ಸಿಟ್ಟು ನನ್ನ ಮ್ಯಾಲ್ಯಾಕ್ರಿ?" ಎಂದು ಬಟ್ಟೆ ಹೊತ್ತು ಇಳಿದು ಹೋದಳು. ಅವಳ ಮಾತು ಸರಿ ಎನಿಸಿ ಅವನ ಸಿಟ್ಟು ಇನ್ನೂ ಹೆಚ್ಚಿತು. ವಸಂತ್ ನಾಲ್ಕಕ್ಕೆ ಮಾಗಡಿ ಕಡೆಯ ಕೆರೆಗೆ ಹೊರಡುವವನಿದ್ದ. ಸಿದ್ರಾಮ ಫೋನು ತೆಗೆದು ನಲ್ಲಪ್ಪನಿಗೇ ಹಚ್ಚಿದ. "ಅಣ್ಣಾರ, ನೀವು ಕೊರದದ್ದು ಸರಿ ಇಲ್ರಿ. ಬಾಲ ಬರವಲ್ದು. ನೀವೇ ಬಂದು ನೋಡ್ರಿ."

ಎರಡು ಬೀದಿ ಆಚೆಯಿಂದ ಲುಂಗಿಯಲ್ಲೇ ಬಂದ ನಲ್ಲಪ್ಪ ಏದುಸಿರು ಬಿಡುತ್ತ ಅಚ್ಚನ್ನು ಕೈಗೆ ತೆಗೆದುಕೊಂಡ. ಬಾಲದ ತುದಿಯಿಂದ ಅಂಚಿನವರೆಗೆ ಉಗುರು ಆಡಿಸಿದ.

"ಇಲ್ಲಿ ನಾಲ್ಕು ಗೆರೆ ಎಳೆದಿದ್ನಲ್ಲೋ, ಎಲ್ಲಿ?"

"ಅವೇನ್ರಿ? ಗೀರು ಬಿದ್ದಿದ್ವು. ನಾನೇ ತಗದೀನಿ." ಸಿದ್ರಾಮನ ದನಿಯಲ್ಲಿ ಹೆಮ್ಮೆಯೇ ಇತ್ತು. "ಎರಡು ದಿನ ಹಿಡೀತು."

ನಲ್ಲಪ್ಪ ಕನ್ನಡಕ ತೆಗೆದು ಅವನನ್ನೇ ನೋಡಿದ. "ಗೀರಲ್ಲ ಕಣೋ, ಗಾಳಿ ಹೋಗೋಕೆ ದಾರಿ. ನೀನು ಎರಡು ಹೋಳನ್ನೂ ಬೆಳಕೂ ನುಸುಳದಂಗೆ ಕೂರಿಸಿಬಿಟ್ಟಿದೀಯ. ಒಳಗಿರೋ ಗಾಳಿ ಎಲ್ಲಿಗ್ ಹೋಗ್ಬೇಕು? ಬಾಲದಲ್ಲಿ ಕೂತ್ಕೊಂಡೈತೆ."

"ಫ್ಯಾಕ್ಟರಿಯಾಗ ಹಂಗ ಯಾರೂ..."

"ಅಲ್ಲಿ ಅಚ್ಚು ನಿನ್ನ ಕೈಬಿಟ್ಟು ಬಂದ್ಮೇಲೆ ನಾನೇ ಎಳೀತೀನಿ. ಎಲ್ಲ ಅಚ್ಚಿಗೂ. ನೀನ್ ನೋಡಿಲ್ಲ, ಅಷ್ಟೆ."

ಸಿದ್ರಾಮ ಅಚ್ಚನ್ನು ಅವನ ಕೈಯಿಂದ ತೆಗೆದುಕೊಂಡ. ಹನ್ನೊಂದು ವರ್ಷ ತಾನು ಕನ್ನಡಿ ಮಾಡಿ ಕೊಟ್ಟ ಒಂದೊಂದರ ಮೇಲೂ ಇವನು ಗೀರು ಹಾಕಿದ್ದಾನೆ. ನಾಚಿಕೆಯಾಯಿತು, ಹೊಟ್ಟೆಯೂ ಉರಿಯಿತು. ಯಾರ ಮೇಲೆ ಎಂದು ಮಾತ್ರ ತಿಳಿಯಲಿಲ್ಲ.

ಕೆಳಗೆ ಬೈಕಿನ ಹಾರ್ನ್ ಆಯಿತು. "ಅಣ್ಣಾ, ಹೊರಟೆ! ಆಯ್ತಾ ಇಲ್ವಾ? ಇಲ್ಲಾಂದ್ರೆ ಬಿಡಿ, ಪ್ಯಾಕೆಟ್ ಇದೆ ನನ್ ಹತ್ರ!"

"ಹತ್ತು ನಿಮಿಷ ತಡೀರಿ!" ಸಿದ್ರಾಮ ಕೂಗಿದ.

ನಲ್ಲಪ್ಪ ಜೇಬಿನಿಂದ ಉಕ್ಕಿನ ಚೂಪು ಸೂಜಿಯೊಂದನ್ನು ತೆಗೆದು ಮುಂದೆ ಚಾಚಿದ.

"ನೀವೇ ಎಳೀರಿ, ಅಣ್ಣಾರ."

"ನಾನು ಒಂದ್ಸಲ ಎಳೆದಾಗಿತ್ತು. ಮೀನು ನಿಂದು ಅಂತೀಯಲ್ಲ, ಎಳಿ."

ಸಿದ್ರಾಮ ಅಚ್ಚನ್ನು ಮೊಣಕಾಲುಗಳ ನಡುವೆ ಅದುಮಿ ಹಿಡಿದ. ಅದರ ನುಣುಪಿನಲ್ಲಿ ಅವನ ಬೆವರಿದ ಮುಖ ಕಾಣುತ್ತಿತ್ತು. ಸೂಜಿ ಊರಿ, ಉಸಿರು ಬಿಗಿಹಿಡಿದು, ಬಾಲದ ತುದಿಯಿಂದ ಅಂಚಿಗೆ ಒಂದು ಗೆರೆ ಎಳೆದ. ಕರ್ ಎಂದ ಸದ್ದಿಗೆ ಹಲ್ಲು ಜುಮ್ಮೆಂದಿತು. ಎಳೆದು ಮುಗಿಸುವುದರೊಳಗೆ ಅವನ ಎಡಗೈಯ ಹೆಬ್ಬೆರಳು ತಾನಾಗಿಯೇ ಬಂದು ಆ ಗೀರನ್ನು ಉಜ್ಜತೊಡಗಿತ್ತು. ಅವನು ಆ ಹೆಬ್ಬೆರಳನ್ನು ಮಡಚಿ, ಮುಷ್ಟಿಯೊಳಗೆ ಬಿಗಿಯಾಗಿ ಹಿಡಿದುಕೊಂಡು, ಎರಡನೆಯ ಗೆರೆಗೆ ಸೂಜಿ ಊರಿದ.