ಸಾಯುವುದೇ ನನ್ನ ನೌಕರಿ

ನಾನು ಒಂದು ರಬ್ಬರಿನ ರೋಗಿ. ಕಾರ್ಖಾನೆಯ ಅಚ್ಚಿನಲ್ಲಿ ಹುಟ್ಟಿದೆ. ಹಲ್ಲು, ಗಂಟಲು, ಶ್ವಾಸಕೋಶ ಎಲ್ಲ ಕೊಟ್ಟರು, ಮಾತೊಂದನ್ನು ಕೊಡಲಿಲ್ಲ. ಹುಬ್ಬಳ್ಳಿ ಕಡೆಯ ಒಂದು ಮೆಡಿಕಲ್ ಕಾಲೇಜಿನಲ್ಲಿ ನನಗೆ ಸಾಯುವ ನೌಕರಿ ಸಿಕ್ಕಿತು. ಎಳೆಯ ಡಾಕ್ಟರುಗಳು ಆಪರೇಷನ್ ಥಿಯೇಟರಿಗೆ ಕಾಲಿಡುವ ಮುಂಚೆ ನನ್ನ ಮೇಲೆ ಕೈ ಪಳಗಿಸಿಕೊಳ್ಳಬೇಕು. ಹಲ್ಲು ಮುರಿದರು, ಗಂಟಲು ಹರಿದರು. ಹೋಗಲಿ ಬಿಡಿ, ಅದಕ್ಕೇ ಹುಟ್ಟಿದವನು ನಾನು.

ನನ್ನ ಯಜಮಾನರು ಡಾಕ್ಟರ್ ಹಂಚಿನಮನಿ. ಗಾಜಿನ ಗೋಡೆಯ ಆಚೆ ಕೂತು ಗುಂಡಿ ಒತ್ತುತ್ತಿದ್ದರು. ಅವರು ಒತ್ತಿದಂತೆ ಪರದೆಯ ಮೇಲೆ ನನ್ನ ಆಮ್ಲಜನಕದ ಅಂಕಿ ಏರಬೇಕು, ಬೀಳಬೇಕು.

ಕಸ್ತೂರಿ ಎಂಬ ಹುಡುಗಿ ಅರಿವಳಿಕೆ ಕಲಿಯಲು ಬಂದಳು. ಮುಟ್ಟುವ ಮುನ್ನ "ಸ್ವಲ್ಪ ತಡ್ಕೋಪಾ" ಅನ್ನುತ್ತಿದ್ದಳು. ಹಾಗೆ ಅಂದವಳು ಅವಳೊಬ್ಬಳೇ; ನನಗೆ ಅವಳೆಂದರೆ ಜೀವ. ಉಸಿರಿನ ಟ್ಯೂಬನ್ನು ಮೊದಲ ಸಲಕ್ಕೇ ಸರಿಯಾದ ದಾರಿಗೆ ಇಳಿಸಿದಳು. ನನ್ನ ಎದೆ ಎರಡೂ ಬದಿ ಒಂದೇ ಸಮ ಏರಿತು, ಟ್ಯೂಬು ಸರಿಯಾಗಿ ಕೂತದ್ದಕ್ಕೆ ಅದೇ ಗುರುತು. ಹಂಚಿನಮನಿಯವರ ಹೊಟ್ಟೆ ಉರಿಯಿತು. ಇವಳ ಸೊಕ್ಕು ಮುರಿಯಬೇಕೆಂದು ಪಕ್ಕದವರಿಗೆ ಹೇಳಿ ಗುಂಡಿ ಒತ್ತಿದರು. ಅಂಕಿ ತೊಂಬತ್ತು, ಎಂಬತ್ತು, ಅರವತ್ತು.

"ಟ್ಯೂಬು ಹೊಟ್ಟಿಗೆ ಹೋಗೇತಿ. ಎದಿ ಏನ್ ನೋಡ್ತಿ? ನಂಬರ್ ನೋಡು," ಎಂದರು.

ಅವಳು ಸರಿಯಾಗಿದ್ದ ಟ್ಯೂಬನ್ನು ಕಿತ್ತಳು. ನಾನು ಸತ್ತೆ. ತಿಂಗಳಿಡೀ ಇದೇ ಆಟ; ಎಲ್ಲರೆದುರು ಅವಳಿಗೆ ಕೊಲೆಗಡುಕಿ ಎಂಬ ಬಿರುದು. ಕೊನೆಗೆ ಅಂಕಿ ಒಂಚೂರು ಅಲುಗಿದರೂ ಅವಳ ಕೈ ತಾನಾಗಿ ಟ್ಯೂಬಿಗೆ ಹೋಗುತ್ತಿತ್ತು. ಅಯ್ಯೋ ಹುಚ್ಚಿ, ಸರಿಯಾಗೇ ಇದೆ, ಬಿಡು ಎಂದು ಕೂಗಬೇಕೆನಿಸುತ್ತಿತ್ತು. ನನ್ನ ಬಾಯೊಳಗಿನ ಸ್ಪೀಕರಿನಲ್ಲಿ ಬರುವುದು ಹಂಚಿನಮನಿಯವರ ದನಿ ಮಾತ್ರ.

ಆಮೇಲಿನದನ್ನು ಕಸ ಗುಡಿಸುವವರ ಬಾಯಲ್ಲಿ ಕೇಳಿದೆ. ಥಿಯೇಟರಿನಲ್ಲಿ ಒಬ್ಬ ಹೆಂಗಸಿನ ಬೆರಳಿಗೆ ಹಾಕಿದ್ದ, ಆಮ್ಲಜನಕ ಅಳೆಯುವ ಕ್ಲಿಪ್ಪು ಜಾರಿ ಅಂಕಿ ಬಿತ್ತಂತೆ. ಟ್ಯೂಬು ಸರಿಯಾಗೇ ಇತ್ತಂತೆ. ಕಸ್ತೂರಿ ಕಿತ್ತಳಂತೆ. ಮತ್ತೆ ಹಾಕಲು ಹೋದರೆ ಗಂಟಲು ಬಾತು ದಾರಿಯೇ ಇರಲಿಲ್ಲ. ಆ ಹೆಂಗಸನ್ನು ಮತ್ತೆ ಎಬ್ಬಿಸುವ ಗುಂಡಿ ಯಾರ ಬಳಿಯೂ ಇರಲಿಲ್ಲ. ವಿಚಾರಣೆಯಲ್ಲಿ ಹಂಚಿನಮನಿಯವರು, ಅವಳಿಗೆ ಈ ಕೆಲಸ ಮೊದಲಿಂದಲೂ ಕೈಹತ್ತಲಿಲ್ಲ ಎಂದು ನನ್ನ ಸಾವುಗಳನ್ನೇ ಸಾಕ್ಷಿಯಾಗಿ ಮುಂದಿಟ್ಟರು.

ವಿಚಾರಣೆ ಮುಗಿದು ಹಾಸ್ಟೆಲ್ ಬಿಡುವ ದಿನ ಕಸ್ತೂರಿ ನನ್ನ ಹತ್ತಿರ ಬಂದಳು. ನಾನಾಗಲೇ ಮುದುಕನಾಗಿ ಮೆಟ್ಟಿಲ ಕೆಳಗಿನ ಕೋಣೆಗೆ ಬಿದ್ದಿದ್ದೆ. ಕರೆಂಟಿಲ್ಲ, ಪರದೆಯಿಲ್ಲ. ಟ್ಯೂಬು ಇಳಿಸಿ ಗಾಳಿಚೀಲ ಒತ್ತಿದಳು. ಎದೆ ಏರಿತು, ಎರಡೂ ಬದಿ.

"ಆವಾಗೂ ಹಿಂಗ ಇತ್ತಲ್ಲ?" ಎಂದು ಕೇಳಿದಳು.

ಮತ್ತೆ ಒತ್ತಿದಳು. ಮತ್ತೆ ಏರಿತು. ಹೌದು ಎನ್ನಲು ನನಗಿದ್ದದ್ದು ಅದೊಂದೇ. ಅವಳು ಗಾಳಿಚೀಲ ಕೆಳಗಿಟ್ಟು ಹೊರಗೆ ಹೋದಳು.

ಹಂಚಿನಮನಿಯವರಿಗೆ ಹೊಸ ಬೊಂಬೆ ಬಂದಿದೆ. ಎದಿ ಏನ್ ನೋಡ್ತಿ ಎನ್ನುವುದು ಗೋಡೆಯಾಚೆಯಿಂದ ದಿನಾ ಕೇಳಿಸುತ್ತದೆ. ಕಸ್ತೂರಿ ಇಳಿಸಿದ ಟ್ಯೂಬು ನನ್ನ ಗಂಟಲಲ್ಲಿ ಇನ್ನೂ ಇದೆ, ಸರಿಯಾದ ಜಾಗದಲ್ಲೇ. ಅದೊಂದನ್ನು ಅವಳು ಕೀಳಲಿಲ್ಲ.